ಲಂಟಾನದ ತಲೆ ಬೋಳಿಸಿ ಏನು ಪ್ರಯೋಜನ?

ಸಂಪಾದಕರಿಗೆ ನಮಸ್ಕಾರ.

ಹಿತ್ತಲಲ್ಲಿ ಬೇಡದ ಪೊದೆ ಬೆಳೆದು ಕಾಡುತ್ತಿದ್ದರೆ ಬುಡಕ್ಕೆ ಕಲ್ಲುಪ್ಪು ಸುರಿಯಿರಿ, ಅದಕ್ಕೂ ಬಗ್ಗದಿದ್ದರೆ ಡೀಸೆಲ್ ಹಾಕಿ ಎಂಬ ಸಲಹೆ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಓದಿ ಸುಮ್ನೆ ಇರೋಣ ಅಂದುಕೊಂಡೆ. ಆದರೆ ನಮ್ಮ ಬೀದಿಯಲ್ಲಿ ಒಬ್ಬರು ಆ ಪುಟ ಕತ್ತರಿಸಿ ಇಟ್ಟುಕೊಂಡು, ಅಂಗಡಿಗೆ ಉಪ್ಪಿನ ಮೂಟೆಗೂ ಹೇಳಿಬಿಟ್ಟಿದ್ದಾರೆ. ಅವರ ಹಿತ್ತಲಲ್ಲಿ ಇರುವುದು ಲಂಟಾನ, ಬಣ್ಣದ ಹೂ ಬಿಡುವ ಆ ಮುಳ್ಳುಪೊದೆ. ಚಾಮರಾಜನಗರ ಜಿಲ್ಲೆಯ ನಮ್ಮಂಥ ಊರುಗಳಲ್ಲಿ ಮೊಂಡು ಪೊದೆ ಅಂದರೆ ಹೆಚ್ಚು ಕಮ್ಮಿ ಅದೇ. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಇದೆ. ಕತ್ತರಿ ಹಾಕಲೇಬೇಕು ಅಂದರೆ ನನ್ನ ಬೈಗುಳಕ್ಕೆ ಹಾಕಿ, ಕೆಲಸದ ಮಾತಿಗೆ ಬೇಡ.

ಮೊದಲು ಉಪ್ಪಿನ ವಿಷಯ. ಉಪ್ಪಿಗೆ ಲಂಟಾನ ಸಾಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಾಕಷ್ಟು ಸುರಿದರೆ ಯಾವ ಗಿಡ ತಾನೆ ಉಳಿಯುತ್ತದೆ? ಆದರೆ ಲಂಟಾನದ ತಾಯಿಬೇರು ಕೆಳಗೆ ಇಳಿದಿರುತ್ತದೆ, ಪಕ್ಕದ ಬಾಳೆ, ಕರಿಬೇವು, ಸೀಬೆ ಗಿಡಗಳ ಎಳೆ ಬೇರುಗಳು ಮೇಲೆಯೇ ಹರಡಿರುತ್ತವೆ. ಉಪ್ಪು ಮೊದಲು ಯಾವುದಕ್ಕೆ ತಗಲುತ್ತದೆ ಎಂದು ನೀವೇ ಯೋಚಿಸಿ. ಉಪ್ಪು ಹೀರಿದ ಮಣ್ಣು ಮಳೆಗೆ ಅಂಟಂಟಾಗುತ್ತದೆ, ಬಿಸಿಲಿಗೆ ಗಟ್ಟಿ ಕಟ್ಟುತ್ತದೆ, ಆಮೇಲೆ ನೀರು ಇಂಗುವುದಿಲ್ಲ. ನಮ್ಮ ಕಡೆ ಬೀಳುವ ಮಳೆಗೆ ಅದು ತೊಳೆದು ಹೋಗಲು ವರ್ಷಗಳೇ ಬೇಕು. ಕಾಲುವೆ ಕೆಳಗಿನ ಗದ್ದೆ ಸವುಳಾಗಿ ಕೈಬಿಟ್ಟ ರೈತರನ್ನು ಯಾರಾದರೂ ಕೇಳಿ ನೋಡಿ, ಉಪ್ಪು ಹಿಡಿದ ಮಣ್ಣನ್ನು ಸರಿ ಮಾಡುವುದು ಎಷ್ಟು ಕಷ್ಟ ಅಂತ. ಅಂಥದ್ದನ್ನು ನಾವೇ ದುಡ್ಡು ಕೊಟ್ಟು ಹಿತ್ತಲಿಗೆ ತಂದುಕೊಳ್ಳಬೇಕಾ? ಡೀಸೆಲ್ ಬಗ್ಗೆ ಜಾಸ್ತಿ ಹೇಳುವುದೇ ಬೇಡ. ಬಾವಿ, ಕೊಳವೆಬಾವಿ, ನೀರಿನ ತೊಟ್ಟಿ ಇರುವ ಜಾಗದಲ್ಲಿ ಸುರಿಯುವ ಪದಾರ್ಥ ಅಲ್ಲ ಅದು.

ಇನ್ನು ಜನ ಸಾಮಾನ್ಯವಾಗಿ ಮಾಡುವ ಕೆಲಸಕ್ಕೆ ಬರುತ್ತೇನೆ. ಮಚ್ಚು ತಗೊಂಡು ನೆಲದ ಮಟ್ಟಕ್ಕೆ ಸವರಿಬಿಡುವುದು. ನೋಡಲು ಬಹಳ ಚೆನ್ನಾಗಿರುತ್ತದೆ, ಹಿತ್ತಲು ಬಯಲಾಗಿ ಕಾಣುತ್ತದೆ, ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಬಹುದು. ಒಂದು ಮಳೆ ಬೀಳಲಿ, ಒಂದು ಕಾಂಡ ಇದ್ದ ಕಡೆ ಕೈ ತುಂಬ ಚಿಗುರು ಬಂದಿರುತ್ತದೆ. ಇದಕ್ಕೆ ಕಾರಣ ಇದೆ. ಲಂಟಾನದ ಕಾಂಡ ಮತ್ತು ಬೇರು ಸೇರುವ ಜಾಗದಲ್ಲಿ, ಮಣ್ಣಿನ ಸ್ವಲ್ಪವೇ ಕೆಳಗೆ, ಒಂದು ಗಂಟು ಇರುತ್ತದೆ. ಚಿಗುರುವ ಕಣ್ಣುಗಳೆಲ್ಲ ಅಲ್ಲೇ. ಮೇಲಿನ ಭಾಗ ಇರುವ ತನಕ ಅವು ತೆಪ್ಪಗಿರುತ್ತವೆ, ಮೇಲಿನದು ಹೋದ ಕೂಡಲೇ ಎಲ್ಲವೂ ಒಟ್ಟಿಗೆ ಏಳುತ್ತವೆ. ಬೇರು ತುಂಬಿಟ್ಟುಕೊಂಡ ಆಹಾರವೆಲ್ಲ ಅವಕ್ಕೆ ಹೋಗುತ್ತದೆ. ಅಂದರೆ ನಾವು ಮಾಡಿದ್ದು ಬರೀ ಕ್ಷೌರ, ಕೂದಲು ಮೊದಲಿಗಿಂತ ದಟ್ಟವಾಗಿ ಬಂತು ಅಷ್ಟೇ. ಅದೂ ಅಲ್ಲದೆ ಇದರ ಉದ್ದನೆಯ ಕೊಂಬೆಗಳು ಬಾಗಿ ಒದ್ದೆ ಮಣ್ಣಿಗೆ ತಾಗಿದ ಕಡೆ ಬೇರು ಬಿಡುತ್ತವೆ, ಕಡಿದು ಬಿಸಾಡಿದ ಹಸಿ ಕಡ್ಡಿಯೂ ತಂಪು ಸಿಕ್ಕರೆ ನಾಟಿಕೊಳ್ಳುತ್ತದೆ.

ಜೆಸಿಬಿ ತರಿಸುವವರೂ ಇದ್ದಾರೆ. ಎಕರೆಗಟ್ಟಲೆ ಜಮೀನಿಗೆ ಸರಿ, ಇಪ್ಪತ್ತು ಅಡಿ ಹಿತ್ತಲಿಗೆ ಅದೇನು ಮಾಡುತ್ತದೆ ಗೊತ್ತಾ? ಅರ್ಧ ಬುಡ ಮುರಿದು ಒಳಗೇ ಹೂತು, ಮೇಲ್ಮಣ್ಣನ್ನೆಲ್ಲ ಕೆದಕಿ, ಅಡಗಿ ಕೂತಿದ್ದ ಬೀಜಕ್ಕೆ ಬೆಳಕು ತೋರಿಸಿ ಹೋಗುತ್ತದೆ. ಬೆಂಕಿ ಹಾಕುವವರ ಕತೆಯೂ ಅಷ್ಟೇ. ಒಣಗಿದ ಲಂಟಾನ ಧಗಧಗ ಉರಿಯುತ್ತದೆ, ಪಕ್ಕದ ಮನೆಯ ಹುಲ್ಲಿನ ಮೆದೆಗೆ ಹಾರುವಷ್ಟು. ಮಣ್ಣಿನೊಳಗಿನ ಗಂಟು ಮಾತ್ರ ಬೆಚ್ಚಗೆ ಉಳಿದಿರುತ್ತದೆ.

ಬೆಂಕಿಯ ವಿಷಯ ಬಂದಿದ್ದರಿಂದ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ತಪ್ಪಾಗಿ ಹೇಳುವವರು ಬಹಳ. ಬಿಳಿಗಿರಿರಂಗನ ಬೆಟ್ಟದ ಕಾಡಿನ ಬುಡಕಟ್ಟು ಜನ ಸೋಲಿಗರು, ತಾವು ಹಿಂದೆ ವರ್ಷದ ಆರಂಭದಲ್ಲಿ ಕಾಡಿಗೆ ತರಗು ಬೆಂಕಿ ಹಾಕುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹೀಗೆ ತುಂಬಿಕೊಂಡಿದ್ದು ಎಂದು ಹೇಳುತ್ತಾರೆ. 1974ರಲ್ಲಿ ಅಲ್ಲಿ ವನ್ಯಧಾಮ ಆಯಿತು, ಬೆಂಕಿ ನಿಂತಿತು. ಆ ಕಾಡಿನಲ್ಲಿ ತುಂಡು ತುಂಡು ಜಾಗ ಗುರುತು ಮಾಡಿಕೊಂಡು ಅಳೆದವರಿದ್ದಾರೆ. 1997ರಲ್ಲಿ ಶೇ 41ರಷ್ಟು ತುಂಡುಗಳಲ್ಲಿ ಲಂಟಾನ ಇತ್ತು, 2008ರಲ್ಲಿ ಶೇ 81ರಲ್ಲಿ ಕಂಡಿತು. ಸೋಲಿಗರ ಮಾತಿನಲ್ಲಿ ಹುರುಳಿದೆ ಎಂದೇ ನನಗೆ ಅನಿಸುತ್ತದೆ. ಆದರೆ ಅವರು ಹೇಳುವ ಬೆಂಕಿ ಬೇರೆ. ಅದು ಒಣ ಎಲೆಯನ್ನಷ್ಟೇ ನೆಕ್ಕಿಕೊಂಡು ಹೋಗುವ ಸಣ್ಣ ಬೆಂಕಿ, ಎಳೆ ಸಸಿಯನ್ನು ಸುಡುವಂಥದ್ದು. ಆಳೆತ್ತರ ಬೆಳೆದ ಲಂಟಾನ ಮೆಳೆಗೆ ಕಡ್ಡಿ ಗೀರಿದರೆ ಬರುವುದು ಆ ಬೆಂಕಿ ಅಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ಮರೆತಿಲ್ಲ ತಾನೆ? ಹಿತ್ತಲಲ್ಲಿ ಬೆಂಕಿ ಹಾಕಿ ‘ಸೋಲಿಗರೂ ಹೀಗೇ ಮಾಡುತ್ತಿದ್ದರು’ ಅನ್ನುವವರು ಈ ವ್ಯತ್ಯಾಸ ತಿಳಿದುಕೊಳ್ಳಲಿ.

ಸರಿ, ಹಾಗಾದರೆ ಏನು ಮಾಡಬೇಕು? ನಮ್ಮ ಮನೆಗೆ ಹಿತ್ತಲ ಕೆಲಸಕ್ಕೆ ಬರುವವರೊಬ್ಬರು ಒಂದೇ ಮಾತಿನಲ್ಲಿ ಹೇಳಿದರು: “ಕಡುದ್ರೆ ಸಾಯಕಿಲ್ಲ ಕನಕ್ಕ, ಬುಡವ ಎತ್ಬೇಕು.” ಅದೇ ಮಾತನ್ನು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಜೊತೆಯವರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಾಡಿಯೇ ತೋರಿಸಿದ್ದಾರೆ. ಕ್ರಮ ತೀರಾ ಸರಳ. ಆ ಗಂಟಿನ ಕೆಳಗೆ ತಾಯಿಬೇರನ್ನು ಕತ್ತರಿಸುವುದು, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡುವುದು, ಆಮೇಲೆ ಬರುವ ಸಸಿಗಳನ್ನು ಕೀಳುತ್ತಾ ಇರುವುದು. ಔಷಧಿ ಇಲ್ಲ, ಯಂತ್ರ ಇಲ್ಲ.

ಮನೆಯ ಹಿತ್ತಲಲ್ಲಿ ಇದನ್ನು ಮಾಡಲು ಇಬ್ಬರು ಬೇಕು. ಒಬ್ಬರಿಂದ ಆಗುವುದಿಲ್ಲ ಅಂತಲ್ಲ, ಆದರೆ ಮುಳ್ಳು ಮೈಯೆಲ್ಲ ಗೀರುತ್ತದೆ. ಮಳೆ ಬಂದು ಒಂದೆರಡು ದಿನ ಆದ ಮೇಲೆ ಶುರು ಮಾಡಿ, ಮಣ್ಣು ಮೆತ್ತಗಿರುತ್ತದೆ. ನಮ್ಮ ಕಡೆ ಮೇ ತಿಂಗಳಿನ ಮಳೆಯೂ ಇದೆ, ಅಕ್ಟೋಬರಿನದೂ ಇದೆ. ಎರಡರಲ್ಲಿ ಮೇ ವಾಸಿ ಅಂತ ನನ್ನ ಅಭಿಪ್ರಾಯ, ಮಳೆಗಾಲದ ಕಾಯಿ ಕಟ್ಟುವ ಮೊದಲೇ ಮುಗಿಸಬಹುದು. ಮೊದಲು ಹೊರಗಿನ ಕೊಂಬೆಗಳನ್ನು ಸವರಿ ಬುಡ ಕಾಣುವ ಹಾಗೆ ಮಾಡಿಕೊಳ್ಳಿ, ಆದರೆ ಮೊಳಕಾಲುದ್ದ ಕಾಂಡ ಉಳಿಸಿಕೊಳ್ಳಿ, ಹಿಡಿದು ಎಳೆಯಲು ಬೇಕಾಗುತ್ತದೆ. ಪೂರ್ತಿ ಸವರಿ ಬುಡ ಹುಡುಕುತ್ತಾ ಕೂರುವವರನ್ನು ನೋಡಿದ್ದೇನೆ, ಪಾಪ ಅನಿಸುತ್ತದೆ. ಒಬ್ಬರು ಕವೆಗೋಲಿನಿಂದ ಪೊದೆಯನ್ನು ಒಂದು ಕಡೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಆಚೆ ಬದಿಯಿಂದ ಗುದ್ದಲಿ ಹಾಕಿ ಮಣ್ಣು ಸರಿಸಿ, ಗಂಟು ಕಂಡ ಮೇಲೆ ಅದಕ್ಕಿಂತ ಎರಡು-ಮೂರು ಇಂಚು ಕೆಳಗೆ ತಾಯಿಬೇರನ್ನು ಕಡಿಯಬೇಕು. ಹಳೇ ಪೊದೆ ಆದರೆ ಗಂಟೇ ದೊಡ್ಡದಿರುತ್ತದೆ, ಗುದ್ದಲಿಗೆ ಬಗ್ಗುವುದಿಲ್ಲ. ಹಾರೆ ತೂರಿಸಿ ಮೀಟಿ. ಕೆಳಗೆ ಉಳಿದ ಬೇರಿನ ತುದಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಗಂಟು ಪೂರ್ತಿ ಬಂದಿದ್ದರೆ ಆಯಿತು. ಗಂಟಿನ ಒಂದು ಚೂರು ಉಳಿದರೂ ಚಿಗುರು ಬರುತ್ತದೆ, ಅದನ್ನು ಮಾತ್ರ ಬೆರಳು ಹಾಕಿ ತಡಕಿ ನೋಡಿ. ನೆಲಕ್ಕೆ ತಾಗಿ ಬೇರು ಬಿಟ್ಟ ಕೊಂಬೆಗಳನ್ನೂ ಹುಡುಕಿ ಕೀಳಬೇಕು, ಅವು ಬೇರೆಯೇ ಗಿಡಗಳು ಅಂದುಕೊಳ್ಳಿ.

ಕೂಲಿ ಕೊಟ್ಟು ಮಾಡಿಸುವವರಿಗೆ ಒಂದು ಮಾತು. ಗುತ್ತಿಗೆ ಮಾತಾಡಬೇಡಿ. ‘ಇಡೀ ಹಿತ್ತಲಿಗೆ ಇಷ್ಟು’ ಅಂದರೆ ಬೇಗ ಮುಗಿಸಿ ಹೋಗುವ ಆಸೆಗೆ ಮೇಲೆ ಸವರಿ ಮಣ್ಣು ಮುಚ್ಚಿ ಹೋಗುತ್ತಾರೆ, ಅವರನ್ನು ಬೈದು ಪ್ರಯೋಜನ ಇಲ್ಲ, ನಾವು ಮಾತಾಡಿದ ಲೆಕ್ಕವೇ ಹಾಗಿತ್ತು. ದಿನಗೂಲಿ ಕೊಡಿ, ಮಧ್ಯಾಹ್ನ ಊಟ ಕೊಡಿ, ಕಿತ್ತ ಬುಡಗಳನ್ನು ಒಂದು ಕಡೆ ರಾಶಿ ಹಾಕಲು ಹೇಳಿ. ಸಂಜೆ ರಾಶಿ ನೋಡಿದರೆ ಕೆಲಸ ಎಷ್ಟಾಗಿದೆ ಎಂದು ಗೊತ್ತಾಗುತ್ತದೆ. ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ಇರಲಿ. ದಟ್ಟ ಮೆಳೆಯಲ್ಲಿ ಇಲಿ ಇರುತ್ತದೆ, ಇಲಿ ಇದ್ದ ಕಡೆ ಹಾವು ಬರುತ್ತದೆ, ಹಾಗಾಗಿ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ.

ಕಿತ್ತದ್ದನ್ನು ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ರಸ್ತೆ ಬದಿ, ಕೆರೆ ದಂಡೆ, ಪಕ್ಕದ ಖಾಲಿ ಸೈಟು ಬೇಡವೇ ಬೇಡ. ಕಲ್ಲಿನ ಮೇಲೋ ಸಿಮೆಂಟ್ ನೆಲದ ಮೇಲೋ ಬೇರು ಮೇಲೆ ಮಾಡಿ ಒಣಗಲು ಬಿಡಿ. ಕಾಯಿ ಹಣ್ಣು ಇರುವ ಕೊಂಬೆಗಳನ್ನು ಬೇರೆ ಮಾಡಿ ಚೀಲಕ್ಕೆ ತುಂಬಿ ಕಟ್ಟಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಚೆನ್ನಾಗಿ ಒಣಗಿದ ಮೇಲೆ ಸೌದೆಯಾಗುತ್ತದೆ, ಅವರೆ ಬಳ್ಳಿಗೆ ಊರುಗೋಲಾಗುತ್ತದೆ. ಹಸಿ ಕಡ್ಡಿಯನ್ನೇ ಊರುಗೋಲು ಮಾಡಿದರೆ ಅವರೆ ಜೊತೆ ಲಂಟಾನವೂ ಬೆಳೆಯುತ್ತದೆ ಅನ್ನುವುದು ಬೇರೆ ಮಾತು. ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದರ ಕಡ್ಡಿಯನ್ನು ನೀರಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಬದಲು ಕುರ್ಚಿ, ಬುಟ್ಟಿ ಮಾಡುತ್ತಾರೆ. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆ ಅವರ ಜೊತೆ ಕೆಲಸ ಶುರು ಮಾಡಿ ಬಹಳ ವರ್ಷವಾಯಿತು. ಕುರ್ಚಿ ಗಟ್ಟಿಯಾಗಿರುತ್ತದೆ, ಗೆದ್ದಲೂ ಬೇಗ ಹತ್ತುವುದಿಲ್ಲ. ಇದರಿಂದ ಕಾಡಿನ ಲಂಟಾನ ಖಾಲಿಯಾಗುತ್ತದೆ ಎಂದು ಕೆಲವರು ಬರೆಯುತ್ತಾರೆ, ಅದು ಸುಮ್ನೆ ಮಾತು. ಎಷ್ಟು ಕುರ್ಚಿ ಮಾಡಿದರೂ ಆ ಬೆಟ್ಟದ ಲಂಟಾನ ಮುಗಿಯುವುದಿಲ್ಲ. ಕಡಿದದ್ದಕ್ಕೆ ನಾಲ್ಕು ಕಾಸು ಹುಟ್ಟುತ್ತದೆ, ಅಷ್ಟು ಸಾಕಲ್ವಾ?

ಬುಡ ಕಿತ್ತ ಮೇಲೆ ಜನ ಕೈ ತೊಳೆದುಕೊಂಡು ಬಿಡುತ್ತಾರೆ, ಅಲ್ಲೇ ಕೆಡುವುದು. ಪಿಕಳಾರ, ಗೊರವಂಕ ಇವುಗಳಿಗೆ ಲಂಟಾನದ ಕಪ್ಪು ಹಣ್ಣು ಬಹಳ ಇಷ್ಟ. ತಿಂದು ಬಂದು ಎಲ್ಲಿ ಕೂರುತ್ತವೆಯೋ ಅಲ್ಲಿ ಬೀಜ ಉದುರುತ್ತದೆ. ಹಾಗಾಗಿ ಹಿತ್ತಲಿಡೀ ಹುಡುಕಬೇಕಾಗಿಲ್ಲ. ಕರೆಂಟ್ ತಂತಿಯ ಕೆಳಗೆ, ಕಾಂಪೌಂಡ್ ಗೋಡೆಯ ಬುಡ, ನುಗ್ಗೆ ಮರದ ಅಡಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನೋಡಿ. ಎಳೆ ಸಸಿಯ ಕಾಂಡ ನಾಲ್ಕು ಮೂಲೆಯದು, ಎಲೆ ಒರಟು, ಉಜ್ಜಿದರೆ ಆ ನಾತ ಗೊತ್ತೇ ಆಗುತ್ತದೆ. ಒಂದು ಗೇಣು ಇರುವಾಗ ಎರಡು ಬೆರಳಲ್ಲಿ ಕೀಳಬಹುದು, ಮುಂದಿನ ವರ್ಷಕ್ಕೆ ಗುದ್ದಲಿ ಬೇಕು. ಹಳೇ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಆದ್ದರಿಂದ ಪ್ರತಿ ಮಳೆ ಆದ ಮೇಲೂ ಒಂದು ಸುತ್ತು ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ನಮ್ಮತ್ತೆ ಬೆಳಿಗ್ಗೆ ಹೂ ಕೊಯ್ಯಲು ಹೋದಾಗಲೇ ಈ ಕೆಲಸವನ್ನೂ ಮುಗಿಸಿ ಬರುತ್ತಾರೆ, ಹೂಬುಟ್ಟಿಯ ಒಂದು ಮೂಲೆಯಲ್ಲಿ ದಾಸವಾಳ, ಇನ್ನೊಂದು ಮೂಲೆಯಲ್ಲಿ ಲಂಟಾನ ಸಸಿ.

ಖಾಲಿ ಬಿಟ್ಟ ಮಣ್ಣಿಗೆ ಲಂಟಾನ ವಾಪಸ್ ಬಂದೇ ಬರುತ್ತದೆ. ಅದಕ್ಕೆ ಬಿಸಿಲು ಬೇಕು. ಮೊದಲ ದಿನವೇ ತೆಂಗಿನ ಗರಿ, ಒಣಹುಲ್ಲು ಏನು ಸಿಗುತ್ತದೋ ಅದನ್ನು ದಪ್ಪಗೆ ಹೊದಿಸಿ. ಬೇಲಿಗಾಗಿ ಲಂಟಾನ ಬಿಟ್ಟಿದ್ದೆವು ಅನ್ನುವವರು ಲಕ್ಕಿ ಗಿಡ ನೆಡಿ, ಕಡ್ಡಿ ಊರಿದರೆ ಬರುತ್ತದೆ, ದನ ಮುಟ್ಟುವುದಿಲ್ಲ, ನೆಗಡಿ ಆದಾಗ ಆವಿ ತಗೊಳ್ಳಲು ಎಲೆ ಮನೆಯಲ್ಲೇ ಇರುತ್ತದೆ. ಗೋರಂಟಿ, ದಾಸವಾಳವೂ ಆಗುತ್ತದೆ. ಜಾಗ ಇದ್ದವರು ಹೊಂಗೆಯನ್ನೋ ನೇರಳೆಯನ್ನೋ ಹಾಕಿ, ನೆರಳು ಬಿದ್ದ ಕಡೆ ಲಂಟಾನಕ್ಕೆ ಮೊದಲಿನ ಸೊಕ್ಕು ಇರುವುದಿಲ್ಲ.

ಚಿಟ್ಟೆ ಬರುತ್ತವೆ, ಕೀಳಬೇಡಿ ಎನ್ನುವ ಸ್ನೇಹಿತೆಯರು ನನಗೂ ಇದ್ದಾರೆ. ನಿಜ, ಬರುತ್ತವೆ. ಆದರೆ ಅವು ಬರುವುದು ಮಕರಂದಕ್ಕೆ, ಅದು ಕೇಪಳದ ಹೂವಲ್ಲೂ ಸಿಗುತ್ತದೆ. ಚಿಟ್ಟೆ ಮೊಟ್ಟೆ ಇಡುವುದು ನಿಂಬೆ, ಕರಿಬೇವು, ಎಕ್ಕದಂಥ ಗಿಡಗಳ ಮೇಲೆ. ಲಂಟಾನ ಆ ಗಿಡಗಳನ್ನೇ ಮುಚ್ಚಿಹಾಕಿದರೆ ಚಿಟ್ಟೆ ಎಲ್ಲಿಂದ ಬರಬೇಕು?

ಕಳೆನಾಶಕದ ಬಗ್ಗೆಯೂ ಕೇಳುತ್ತಾರೆ. ಅಂಗಡಿಯಲ್ಲಿ ಗ್ಲೈಫೊಸೇಟ್ ಕೈಗೆ ಕೊಟ್ಟುಬಿಡುತ್ತಾರೆ, ಆದರೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ, ಇದನ್ನು ಪರವಾನಗಿ ಇರುವ ಕೀಟ ನಿಯಂತ್ರಕರು ಬಿಟ್ಟು ಬೇರೆಯವರು ಬಳಸಬಾರದು ಎಂದಿತ್ತು. ಮಕ್ಕಳು, ಕೋಳಿ, ಹಸು ಓಡಾಡುವ ಹಿತ್ತಲಿಗೆ ಅದು ಬೇಕೇ ಆಗಿಲ್ಲ. ಹುಳ ಬಿಟ್ಟು ಸಾಯಿಸುವ ಪ್ರಯತ್ನವೂ ಆಗಿದೆ. ಲಂಟಾನ ತಿನ್ನುವ ಒಂದು ತಿಗಣೆಯನ್ನು 1941ರಲ್ಲಿ ಹೊರದೇಶದಿಂದ ತರಿಸಿದ್ದರು. ಎಲೆಯ ರಸ ಹೀರಿ ಪೊದೆ ಬೋಳು ಮಾಡುತ್ತದೆ, ಮಳೆ ಬಂದರೆ ಪೊದೆ ಮತ್ತೆ ಹಸಿರು. ಮೇಕೆ ಕಟ್ಟಿ ಮೇಯಿಸೋಣ ಅನ್ನುವವರು ದಯವಿಟ್ಟು ಬೇಡ. ಇದರ ಎಲೆಯ ವಿಷ ದನ, ಆಡು, ಕುರಿಗಳ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ. ಮೇವು ಬಿಡುತ್ತವೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ನಿಂತರೆ ಮೂತಿ, ಕಿವಿಯ ಚರ್ಮ ಸುಲಿಯುತ್ತದೆ. ಬರಗಾಲದಲ್ಲಿ ಬೇರೆ ಹಸಿರು ಇಲ್ಲದೆ ತಿಂದು ಸತ್ತ ದನಗಳ ವಿಷಯ ಪಶುವೈದ್ಯರನ್ನು ಕೇಳಿದರೆ ಹೇಳುತ್ತಾರೆ.

ಇಷ್ಟೆಲ್ಲ ತಾಪತ್ರಯದ ಗಿಡ ಇಲ್ಲಿಗೆ ಬಂದದ್ದು ಚಂದಕ್ಕೆ. ಅಮೆರಿಕ ಖಂಡದ ಬಿಸಿ ನಾಡಿನದು, 1809ರ ಸುಮಾರಿಗೆ ಬ್ರಿಟಿಷರು ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕಾಗಿ ತಂದರು. ಇವತ್ತಿಗೂ ನರ್ಸರಿಗಳಲ್ಲಿ ಕುಳ್ಳ ಜಾತಿಯ ಹಳದಿ, ನೇರಳೆ ಬಣ್ಣದ ಲಂಟಾನವನ್ನು ಕುಂಡದಲ್ಲಿಟ್ಟು ಮಾರುತ್ತಾರೆ, ಹೆದ್ದಾರಿ ನಡುವೆ ಸಾಲಾಗಿ ನೆಡುತ್ತಾರೆ. ಎಲ್ಲ ತಳಿಯೂ ಕಾಡಿಗೆ ಓಡುವುದಿಲ್ಲ, ಒಪ್ಪುತ್ತೇನೆ. ಕೊಳ್ಳುವಾಗ ಕಾಯಿ ಕಟ್ಟುತ್ತದಾ ಎಂದು ಕೇಳಿ, ಕಟ್ಟುತ್ತದೆ ಅಂದರೆ ಅಲ್ಲೇ ಬಿಟ್ಟು ಬನ್ನಿ.

ಕೊನೆಗೆ ನನ್ನ ನಿಜವಾದ ತಕರಾರು. ನಾವು ಎಷ್ಟು ಕಿತ್ತರೂ ಪಕ್ಕದ ಖಾಲಿ ಸೈಟಿನಿಂದ ಹಕ್ಕಿ ಬೀಜ ತರುತ್ತದೆ. ಸೈಟಿನ ಮಾಲೀಕರು ಬೇರೆ ಊರಲ್ಲಿ, ಬೆಲೆ ಏರಲಿ ಎಂದು ಕಾಯುತ್ತಾ ಕೂತಿರುತ್ತಾರೆ. ಜನ ದೂರು ಕೊಟ್ಟರೆ ವರ್ಷಕ್ಕೊಮ್ಮೆ ಯಾರೋ ಬಂದು ಹುಲ್ಲು ಕತ್ತರಿಸುವ ಯಂತ್ರದಲ್ಲಿ ಭರ್ರೆಂದು ಸವರಿ, ಬಿಲ್ಲು ಮಾಡಿಕೊಂಡು ಹೋಗುತ್ತಾರೆ. ಅದೇ ಪೊದೆ, ಅದೇ ಜಾಗ, ಮುಂದಿನ ವರ್ಷ ಮತ್ತೆ ಬಿಲ್ಲು. ಇದು ಸಾರ್ವಜನಿಕರ ದುಡ್ಡು ಸ್ವಾಮಿ. ಸ್ಥಳೀಯ ಸಂಸ್ಥೆಗಳವರು ಇದನ್ನು ಓದುತ್ತಿದ್ದರೆ ಎರಡು ಕೆಲಸ ಮಾಡಲಿ. ಗಿಡಗಂಟಿ ತೆಗೆಸುವ ಟೆಂಡರಿನಲ್ಲಿ ‘ಬುಡ ಸಮೇತ’ ಎಂದು ಬರೆಯಲಿ, ಅರ್ಧ ಹಣ ಕಿತ್ತ ದಿನ, ಉಳಿದರ್ಧ ಮುಂದಿನ ಮಳೆಗಾಲದಲ್ಲಿ ಚಿಗುರು, ಸಸಿ ತೆಗೆದ ಮೇಲೆ ಕೊಡಲಿ. ಆ ಖರ್ಚನ್ನು ಸೈಟಿನ ಮಾಲೀಕರ ಕಂದಾಯದ ಬಾಕಿಗೆ ಸೇರಿಸಲಿ. ಸೈಟು ಮಾರಲು ಬಂದ ದಿನ ಬಾಕಿ ಕಟ್ಟಿಯೇ ಮಾರಬೇಕಾಗುತ್ತದೆ.

ಇತಿ,
ನಿಮ್ಮ ಪತ್ರಿಕೆಯ ಹಳೇ ಚಂದಾದಾರೆ,
ಚಾಮರಾಜನಗರ ಜಿಲ್ಲೆ